ಮನೀಲಾ ಮನೆಯ ಮಾತು

ನಮ್ಮ ಮನೆಯಲ್ಲಿ ಮಾತು ಅಡುಗೆಮನೆಯಿಂದ ಮುಂದಿನ ಕೋಣೆಗೆ ತಾನಾಗಿ ಹೋಗುತ್ತಿರಲಿಲ್ಲ. ಯಾರಾದರೂ ಒಯ್ದು ಮುಟ್ಟಿಸಬೇಕಾಗಿತ್ತು. ಲೋಲಾ ಒಲೆಯ ಮುಂದೆ ಕೂತು ಹೇಳುತ್ತಿದ್ದಳು, ನಾನು ನಡುಮನೆ ದಾಟಿ ಹೋಗಿ ತಾತನಿಗೆ ಹೇಳುತ್ತಿದ್ದೆ. ತಾತ ಹೇಳಿದ್ದನ್ನು ತಿರುಗಿ ತಂದು ಲೋಲಾಗೆ ಒಪ್ಪಿಸುತ್ತಿದ್ದೆ. ನೀರು ತುಂಬುವುದು, ಹಾಲು ತರುವುದು ಇದ್ದಂತೆ ಇದೂ ಒಂದು ಮನೆಗೆಲಸ. ಎಲ್ಲರ ಮನೆಯಲ್ಲೂ ಅಜ್ಜ ಅಜ್ಜಿ ಹೀಗೇ ಇರುತ್ತಾರೆಂದು ತಿಳಿದಿದ್ದೆ. ಸ್ಕೂಲಿಗೆ ಸೇರಿದ ಮೇಲೆ ಒಮ್ಮೆ ಗೆಳತಿಯ ಮನೆಗೆ ಹೋಗಿದ್ದಾಗ ಅವಳ ಅಜ್ಜಿ ಜಗುಲಿಯ ಮೇಲಿದ್ದ ಗಂಡನನ್ನು ನೇರವಾಗಿ, ಅದೂ ಬಯ್ಯುತ್ತ, ಊಟಕ್ಕೆ ಕರೆದದ್ದನ್ನು ಕೇಳಿ ಬಾಗಿಲಲ್ಲೇ ನಿಂತುಬಿಟ್ಟೆ. ಅವರಿಬ್ಬರಿಗೆ ಏನೋ ಆಗಿದೆ ಎಂದುಕೊಂಡೆ.

ಲೋಲಾ ಎಂದರೆ ಅವರ ಭಾಷೆಯಲ್ಲಿ ಅಜ್ಜಿ. ಕನ್ನಡದಲ್ಲಿ ಆ ಪದಕ್ಕೆ ಚಂಚಲ ಎಂಬ ಅರ್ಥವಿದೆಯೆಂದು ಮೇಷ್ಟರು ಹೇಳಿದಾಗ ಇಡೀ ತರಗತಿ ನಕ್ಕಿತ್ತು. ನಮ್ಮ ಲೋಲಾಳಷ್ಟು ಚಂಚಲವಲ್ಲದ ಮನುಷ್ಯರನ್ನು ನಾನು ಆಮೇಲೂ ಕಂಡಿಲ್ಲ. ತಾತನನ್ನು ಮಾತ್ರ ತಾತ ಎಂದೇ ಕರೆಯುತ್ತಿದ್ದೆವು, ಅದು ಅಮ್ಮ ಕಲಿಸಿದ್ದು. ತಾತ ಫಿಲಿಪ್ಪೀನ್ಸಿನ ಮನೀಲಾ ಊರಿನವನು. ಹರೆಯದಲ್ಲಿ ಕ್ಲಾರಿನೆಟ್ ಹಿಡಿದು ಹಡಗು ಹತ್ತಿ, ರಂಗೂನು, ಕಲ್ಕತ್ತೆಯ ಹೋಟೆಲುಗಳಲ್ಲಿ ನುಡಿಸಿ, ಕೊನೆಗೆ ಮೈಸೂರಿನ ಅರಮನೆ ಬ್ಯಾಂಡಿಗೆ ಬಂದು ಸೇರಿದ್ದ. ಕೆಲಸ ಗಟ್ಟಿಯಾದ ಮೇಲೆ ಊರಿಗೆ ಹೋಗಿ ಲೋಲಾಳನ್ನು ಮದುವೆಯಾಗಿ ಕರೆತಂದ. ಇಸಿದ್ರೊ ಎಂಬ ಅವನ ಹೆಸರು ಲಷ್ಕರ್ ಮೊಹಲ್ಲಾದ ಬಾಯಲ್ಲಿ ಈಸಿದಣ್ಣ ಎಂದಾಗಿತ್ತು. ನಮ್ಮದು ಮನೀಲಾ ಮನೆ. ಮನೀಲಾ ಎಲ್ಲಿದೆಯೆಂದು ನಮ್ಮ ಗಲ್ಲಿಯವರಿಗೆ ಗೊತ್ತಿರಲಿಲ್ಲ. ಮದ್ರಾಸಿನ ಆಚೆಗೆಲ್ಲೋ ಎಂದುಕೊಂಡಿದ್ದರು.

ಟ್ರಂಕು ಮಾಡುವವರ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಉದ್ದಕ್ಕೆ ರೈಲುಡಬ್ಬಿಯಂತೆ ಇದ್ದ ಬಾಡಿಗೆ ಮನೆ ಅದು. ಬೆಳಗಿನಿಂದ ಸಂಜೆಯವರೆಗೆ ತಗಡು ಬಡಿಯುವ ಸದ್ದು. ಮುಂದಿನ ಕೋಣೆ ತಾತನದು. ಒಂದು ಮಂಚ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಬ್ಯಾಂಡಿನ ಕೋಟು, ಕಿಟಕಿಯಲ್ಲಿ ಕ್ಲಾರಿನೆಟ್ಟಿನ ಪೆಟ್ಟಿಗೆ. ಹಿಂದಿನದು ಅಡುಗೆಮನೆ, ಅದು ಲೋಲಾಳದು. ಅವಳು ಮಲಗುತ್ತಿದ್ದುದೂ ಅಲ್ಲೇ, ಒಲೆಯ ಪಕ್ಕದ ಚಾಪೆಯ ಮೇಲೆ. ನಡುವಿನ ಕೋಣೆಯಲ್ಲಿ ಅಪ್ಪ, ಅಮ್ಮ, ನಾನು, ನನ್ನ ತಮ್ಮ. ನಡುಮನೆಯ ಗೂಡಿನಲ್ಲಿ ಕೆಂಪು ಅಂಗಿ ತೊಟ್ಟ ಬಾಲ ಯೇಸುವಿನ ಬೊಂಬೆ. ಲೋಲಾ ಮದುವೆಯಾಗಿ ಬರುವಾಗ ಮಡಿಲಲ್ಲಿಟ್ಟುಕೊಂಡು ತಂದಿದ್ದು. ಅಮ್ಮ ಅದಕ್ಕೆ ದಿನಾ ಒಂದು ಮೊಳ ಮಲ್ಲಿಗೆ ಮುಡಿಸುತ್ತಿದ್ದಳು. ಮೊದಮೊದಲು ಲೋಲಾ ಅದನ್ನು ತೆಗೆದಿಡುತ್ತಿದ್ದಳಂತೆ. ಆಮೇಲೆ ಬಿಟ್ಟಳು.

ಅಮ್ಮ ಕೆಂಪಮ್ಮ. ನಂಜನಗೂಡು ರಸ್ತೆಯ ಹಳ್ಳಿಯೊಂದರ ಒಕ್ಕಲಿನ ಮನೆಯವಳು. ಅವಳ ಅಪ್ಪ ನಂಜೇಗೌಡ ಬೆಳೆದ ವೀಳ್ಯದೆಲೆಯನ್ನು ಮಾರ್ಕೆಟ್ಟಿಗೆ ತಂದು ಕೂತು ಮಾರುತ್ತಿದ್ದಳು. ಲೋಲಾಳ ಚೀಲ ಹೊತ್ತು ಮಾರ್ಕೆಟ್ಟಿಗೆ ಹೋಗುತ್ತಿದ್ದವನು ನಮ್ಮಪ್ಪ ಅರ್ನೆಸ್ಟೊ. ಮನೆಯಲ್ಲಿ ಒಬ್ಬರೂ ಎಲೆಯಡಿಕೆ ಹಾಕುತ್ತಿರಲಿಲ್ಲ, ಆದರೂ ಅಪ್ಪ ಎಲೆ ಕೊಳ್ಳತೊಡಗಿದ. ಚರ್ಚಿನಲ್ಲಿ ಮದುವೆಯಾಯಿತು. ನಂಜೇಗೌಡ ಮಗಳ ಮುಖ ನೋಡುವುದಿಲ್ಲ ಎಂದ. ಹೀಗೆ ನಮ್ಮ ಅಡುಗೆಮನೆಯಲ್ಲಿ ಎರಡು ಒಲೆಗಳಾದವು. ಒಂದರ ಮೇಲೆ ಅಮ್ಮನ ಮುದ್ದೆ, ಉಪ್ಪುಸಾರು. ಇನ್ನೊಂದರ ಮೇಲೆ ಲೋಲಾಳ ಹಂದಿಮಾಂಸ, ಬೆಳ್ಳುಳ್ಳಿ, ಮೆಣಸಿನ ಜೊತೆ ಹುಳಿನೀರಿನಲ್ಲಿ ಗಂಟೆಗಟ್ಟಲೆ ಬೇಯುವುದು. ತೆಂಗಿನಕಾಯಿಯ ನೀರನ್ನು ಜಾಡಿಯಲ್ಲಿಟ್ಟು ಹುಳಿ ಬರಿಸುತ್ತಿದ್ದಳು. ನಮ್ಮ ಮನೆಯ ವಾಸನೆಯೆಂದರೆ ಆ ಹುಳಿ ಮತ್ತು ಮಲ್ಲಿಗೆ ಎರಡೂ ಸೇರಿದ್ದು.

ಲೋಲಾ ಏಕೆ ತಾತನ ಜೊತೆ ಮಾತಾಡುವುದಿಲ್ಲ ಎಂಬುದನ್ನು ಅಮ್ಮ ನನಗೆ ಅಕ್ಕಿ ಆರಿಸುತ್ತ ಹೇಳಿದಳು. ಆಗ ನನಗೆ ಒಂಬತ್ತೋ ಹತ್ತೋ. ಅಪ್ಪನಿಗೆ ಒಬ್ಬ ಅಣ್ಣನಿದ್ದ, ವಿಸೆಂಟೆ. ನನಗೆ ದೊಡ್ಡಪ್ಪ. ತಾತನಿಗಿಂತ ಚೆನ್ನಾಗಿ ನುಡಿಸುವ ಲಕ್ಷಣ ಅವನಲ್ಲಿತ್ತಂತೆ. ಮನೀಲಾದಲ್ಲಿ ಸರಿಯಾಗಿ ಸಂಗೀತ ಕಲಿತು ಬಂದರೆ ಅರಮನೆಯಲ್ಲಿ ದೊಡ್ಡ ಕೆಲಸ ಸಿಗುತ್ತದೆಂದು ತಾತ ಅವನನ್ನು ಹದಿನಾರಕ್ಕೇ ಅಲ್ಲಿಗೆ, ಲೋಲಾಳ ತಾಯಿಯ ಮನೆಗೆ, ಕಳಿಸಿದ. ಲೋಲಾ ಬೇಡವೆಂದಿದ್ದಳು. ಕೆಲವು ವರ್ಷ ಕಳೆದ ಮೇಲೆ ಆ ಕಡೆಯ ಸಮುದ್ರದಲ್ಲೂ ಯುದ್ಧವಾಗಬಹುದೆಂಬ ಸುದ್ದಿ ಬರತೊಡಗಿತು. ಮಗನನ್ನು ಕರೆಸು ಎಂದಳು ಲೋಲಾ. ಬ್ಯಾಂಡಿನವರಿಗೆ ಆಗ ಬಿಡುವಿಲ್ಲದ ತಾಲೀಮು. ದಸರಾ ಮುಗೀಲಿ ಎಂದ ತಾತ. ದಸರಾ ಮುಗಿಯಿತು, ಹಡಗಿನ ಟಿಕೆಟ್ಟಿಗೆ ವಿಚಾರಿಸುವುದರೊಳಗೆ ಜಪಾನಿನವರು ಮನೀಲಾ ಹಿಡಿದರು. ಸಮುದ್ರ ಮುಚ್ಚಿಹೋಯಿತು. ಯುದ್ಧದ ಕೊನೆಗೆ ಚರ್ಚಿನ ಫಾದರ್ ಬಂದು ಸುದ್ದಿ ಹೇಳಿದರು. ಲೋಲಾಳ ತಾಯಿಯ ಬೀದಿಯಲ್ಲಿ ಒಂದು ಮನೆಯೂ ಉಳಿದಿಲ್ಲ, ಮನೆಯವರು ಯಾರೂ ಸಿಕ್ಕಿಲ್ಲ. ಲೋಲಾ ಅಳಲಿಲ್ಲವಂತೆ. ಫಾದರ್ ಹೋದ ಮೇಲೆ ಮುಂದಿನ ಕೋಣೆಗೆ ಹೋಗಿ ತಾತನ ಎದುರು ನಿಂತು ತಮ್ಮ ಭಾಷೆಯಲ್ಲಿ ಏನೋ ಕೇಳಿದಳು. ನನ್ನನ್ನು ಕಂಕುಳಲ್ಲೆತ್ತಿಕೊಂಡು ನಿಂತಿದ್ದ ಅಮ್ಮನಿಗೆ ಅದರಲ್ಲಿ ದಸರಾ ಎಂಬ ಒಂದು ಪದ ಮಾತ್ರ ತಿಳಿಯಿತು. ಆಮೇಲೆ ಅಪ್ಪ ಅರ್ಥ ಹೇಳಿದ. ದಸರಾ ಮುಗೀತಾ ಎಂದು ಕೇಳಿದ್ದಳಂತೆ. ತಾತನ ಜೊತೆ ಅವಳು ಆಡಿದ ಕೊನೆಯ ಮಾತು ಅದು, ಎಂದಳು ಅಮ್ಮ.

ಅವತ್ತಿನಿಂದ ಲೋಲಾ ತಮ್ಮ ಭಾಷೆಯನ್ನೇ ಬಿಟ್ಟಳು. ಅಪ್ಪ ಆ ಭಾಷೆಯಲ್ಲಿ ಏನಾದರೂ ಹೇಳಿದರೆ ಮಾರ್ಕೆಟ್ಟಿನಲ್ಲಿ ಕಲಿತ ತನ್ನ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು. ಊಟಕ್ಕೆ ಕರೆಯುವ ಎರಡು ಪದ ಮಾತ್ರ ಉಳಿದಿದ್ದವು, ಕಾಯಿನ್ ನಾ. ಬಹಳ ದಿನ ನಾನು ಅದನ್ನು ಕಾಯಿಗೆ ಸಂಬಂಧಪಟ್ಟ ಕನ್ನಡ ಎಂದೇ ತಿಳಿದಿದ್ದೆ. ನಾನು ಒಯ್ದ ಮಾತುಗಳಲ್ಲಿ ನೆನಪಿರುವ ಮೊದಲನೆಯದು ಸ್ವಾತಂತ್ರ್ಯ ಬಂದ ದಿನದ್ದು. ಅಪ್ಪನೂ ಬ್ಯಾಂಡಿನಲ್ಲಿದ್ದ, ತುತ್ತೂರಿ ನುಡಿಸುತ್ತಿದ್ದ. ಗಲ್ಲಿಯಲ್ಲಿ ಮಿಠಾಯಿ ಹಂಚುತ್ತಿದ್ದರು. ತಾತ ಮುಂಬಾಗಿಲಲ್ಲಿ ನಿಂತು, ಯಾರಿಗೆ ಎಂದಿಲ್ಲದೆ, ನಮ್ಮೂರಿಗೂ ಹೋದ ವರ್ಷ ಬಂತಂತೆ ಎಂದ. ಒಳಗೆ ಲೋಲಾಗೆ ಕೇಳಿಸಿತು. ನನ್ನನ್ನು ಕರೆದಳು.

“ನಿಮ್ಮ ತಾತನ್ನ ಕೇಳು ಹೋಗು. ಅಲ್ಲಿ ಯಾರಿಗೆ ಬಂತು ಅಂತ.”

ನಾನು ಹೋಗಿ ಹಾಗೆಯೇ ಕೇಳಿದೆ. ತಾತ ನನ್ನ ಕೈಯಲ್ಲಿದ್ದ ಮಿಠಾಯಿ ನೋಡಿದ. ತಿನ್ನು ಎಂದ. ನಾನು ಒಳಗೆ ಬಂದು, ತಿನ್ನು ಅಂದ್ರು ಎಂದು ಲೋಲಾಗೆ ವರದಿ ಒಪ್ಪಿಸಿದೆ. ಅಮ್ಮ ನನ್ನನ್ನು ಹಿತ್ತಲಿಗೆ ಕರೆದೊಯ್ದು ಮೆಲ್ಲಗೆ ಹೇಳಿದಳು.

“ಮಾತನ್ನ ಇದ್ದಂಗೇ ತಗೊಂಡೋಗಿ ಮುಂದೆ ಇಟ್ಬುಡಬಾರ್ದು ಕಣೇ ಪಿಲ್ಲಾ. ಸ್ವಲ್ಪ ಒರೆಸಿ ಇಡ್ಬೇಕು.”

ನನ್ನ ಹೆಸರು ಪಿಲಾರ್. ಅಮ್ಮನಿಗೆ ಅದು ಪಿಲ್ಲಾ. ಮಾತನ್ನು ಒರೆಸಿ ಇಡುವುದು ಅಮ್ಮನಿಗೆ ಸಹಜವಾಗಿತ್ತು. ಆ ಮನುಷ್ಯ ಇನ್ನೂ ಸ್ನಾನ ಮಾಡಿಲ್ಲವಾ ಎಂದು ಲೋಲಾ ಅಂದರೆ, ಮಾವ, ನೀರು ಕಾದದೆ ಎಂದು ಹೋಗಿ ಹೇಳುತ್ತಿದ್ದಳು. ನನಗೂ ನಿಧಾನವಾಗಿ ಬಂತು. ಯಾರು ಏನಂದರೂ ಅದರ ಮುಳ್ಳನ್ನು ದಾರಿಯಲ್ಲಿ ಕಿತ್ತು, ಉಳಿದದ್ದನ್ನು ತಲುಪಿಸುವುದು. ಈ ವಯಸ್ಸಿನಲ್ಲೂ ಇಬ್ಬರು ಜಗಳಾಡುವ ಕೋಣೆಯಲ್ಲಿ ನಾನಿದ್ದರೆ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ, ಏನನ್ನು ಎತ್ತಿಕೊಳ್ಳಬೇಕೆಂದು ಕಾಯುತ್ತೇನೆ. ನನ್ನದೇ ಮಾತೊಂದನ್ನು ಹೇಳಬೇಕಾಗಿ ಬಂದಾಗ ಮಾತ್ರ ಯಾರೋ ಹೇಳಿಕಳಿಸಿದಂತೆ ಹೇಳುತ್ತೇನೆ. ನನ್ನ ಗಂಡ ಇದನ್ನು ಮದುವೆಯಾದ ಹೊಸತರಲ್ಲೇ ಗುರುತಿಸಿದ್ದರು. ನಿನಗೆ ಏನು ಬೇಕು ಅಂತ ನೀನು ಹೇಳು, ಬೇಕಂತೆ ಅನ್ನಬೇಡ ಎನ್ನುತ್ತಿದ್ದರು.

ಸಂಸ್ಥಾನ ಹೋಯಿತು. ಮಹಾರಾಜರು ಇದ್ದರು, ಆದರೆ ಸರ್ಕಾರ ಅವರದಾಗಿರಲಿಲ್ಲ. ನಮ್ಮ ಮನೆಯಲ್ಲಿ ಅದು ಗೊತ್ತಾದದ್ದು ಬ್ಯಾಂಡಿನವರ ಸಂಖ್ಯೆ ಇಳಿಸಿದಾಗ. ಅಪ್ಪನಂಥ ಪ್ರಾಯದವರು ಪೊಲೀಸ್ ಬ್ಯಾಂಡಿಗೆ ಹೋದರು, ವಯಸ್ಸಾದವರಿಗೆ ಶಾಲು ಹೊದಿಸಿ ಕಳಿಸಿದರು. ತಾತ ಮಧ್ಯಾಹ್ನ ಜಟಕಾದಲ್ಲಿ ಬಂದಿಳಿದ. ಶಾಲನ್ನು ಮಡಿಸಿ ಮಂಚದ ಮೇಲಿಟ್ಟು, ಗೋಡೆಯ ಮೇಲಿದ್ದ ಕೋಟನ್ನು ತೆಗೆದು ಬ್ರಷ್ ಹಾಕಿದ, ಗುಂಡಿಗಳನ್ನು ಉಜ್ಜಿದ. ಅದನ್ನು ಹಿಂದಿರುಗಿಸಬೇಕಾಗಿತ್ತು. ಲೋಲಾ ನಡುಮನೆಯ ಬಾಗಿಲವರೆಗೆ ಬಂದು ನೋಡಿ ಹೋದಳು. ಸಂಜೆ ಅವನಿಗೆ ಇಷ್ಟವಾದ ಆ ಹುಳಿಯ ಮಾಂಸ ಮಾಡಿ, ಎಲೆ ಹಾಕಿ ಕರೆಯಲು ನನ್ನನ್ನು ಕಳಿಸಿದಳು. ತಾತ ಉಂಡ. ಆ ಸಂಜೆ ನಾನು ಒಯ್ಯಬೇಕಾದ ಮಾತೇ ಇರಲಿಲ್ಲ.

ಆಮೇಲೆ ಲಷ್ಕರಿನ ಮದುವೆ ಬ್ಯಾಂಡಿನ ಹುಡುಗರು ತಾತನ ಹತ್ತಿರ ಕಲಿಯಲು ಬರತೊಡಗಿದರು. ಕೂದಲಿಗೆ ಎಣ್ಣೆ ಮೆತ್ತಿದ, ಬೀಡಿ ವಾಸನೆಯ ಹುಡುಗರು. ಸಿನಿಮಾ ಹಾಡು ಬೇಕು ಅವರಿಗೆ. ತಾತ ಅದನ್ನೂ ಕಲಿಸಿದ, ಅರಮನೆಯಲ್ಲಿ ಕೂತಂತೆಯೇ ಬೆನ್ನು ನೆಟ್ಟಗಿಟ್ಟು. ಅಮ್ಮ ಮತ್ತು ಲೋಲಾ ಅಕ್ಕಿಹಿಟ್ಟು, ತೆಂಗಿನಹಾಲು, ಸಕ್ಕರೆ ಕಲಸಿ ಇಡ್ಲಿಯಂತೆ ಬೇಯಿಸಿ, ಮೇಲೆ ಕಾಯಿತುರಿ ಉದುರಿಸಿ, ಭಾನುವಾರ ಚರ್ಚಿನ ಹೊರಗೆ ಮಾರತೊಡಗಿದರು. ಜನ ಅದನ್ನು ಮನೀಲಾ ಇಡ್ಲಿ ಎಂದರು. ಶನಿವಾರ ಸಂಜೆ ಅವರಿಬ್ಬರೂ ಒರಳಿನ ಎರಡು ಬದಿ ಕೂತು ಒಬ್ಬರು ರುಬ್ಬುವುದು, ಒಬ್ಬರು ಕೈಯಾಡಿಸುವುದು. ಮಾತಿಲ್ಲ. ಆದರೆ ಆ ಮೌನ ಬೇರೆ ಥರದ್ದು, ಅದರ ಪಕ್ಕ ಕೂತು ನಾನು ಪಾಠ ಓದುತ್ತಿದ್ದೆ.

ತಾತ ಲೋಲಾ ಇಬ್ಬರೂ ಈಗ ಪರದೇಶದವರೆಂದು ಲೆಕ್ಕವಾಗಿ, ವರ್ಷಕ್ಕೊಮ್ಮೆ ಪೊಲೀಸಿನವರು ಬಂದು ವಿವರ ಬರೆದುಕೊಳ್ಳುವ ಪದ್ಧತಿ ಶುರುವಾಯಿತು. ಬರುತ್ತಿದ್ದ ಜಮೇದಾರರು ಒಳ್ಳೆಯವರು, ಅಪ್ಪನ ಪರಿಚಯದವರೇ. ಆದರೆ ಒಂದು ಜಾಗದಲ್ಲಿ ಅವರ ಪೆನ್ನು ಪ್ರತಿಸಲ ನಿಲ್ಲುತ್ತಿತ್ತು. ತಾತ ಹುಟ್ಟಿದಾಗ ಆ ದೇಶ ಸ್ಪೇನಿನವರದು, ಹೊರಟಾಗ ಅಮೆರಿಕದವರದು, ಈಗ ಅದರದ್ದೇ. ಯಾವ ದೇಶವೂ ಅವನಿಗೆ ನೀನು ನಮ್ಮವನು ಎಂದು ಒಂದು ಚೀಟಿ ಕೊಟ್ಟಿರಲಿಲ್ಲ. ಕೊನೆಗೊಂದು ಸಲ ಅಮ್ಮ ಕಾಫಿ ತಂದಿಡುತ್ತ ಹೇಳಿದಳು.

“ಲಷ್ಕರ್ ಮೊಹಲ್ಲಾ ಅಂತ ಬರ್ಕೊಳಿ ಸ್ವಾಮಿ. ಅದೇನು ಸುಳ್ಳಲ್ವಲ್ಲ.”

ಜಮೇದಾರರು ನಕ್ಕರು. ಲೋಲಾ ನಗಲಿಲ್ಲ, ಆದರೆ ಅವರ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ತಾನೇ ಹಾಕಿದಳು.

ಅಮ್ಮನ ಅಪ್ಪ ನಂಜೇಗೌಡ ನಮ್ಮ ಮನೆಗೆ ಬಂದದ್ದು ತಾತ ಬ್ಯಾಂಡು ಬಿಟ್ಟ ಮೇಲೆಯೇ. ಬೀಗನ ಕೆಲಸ ಹೋಯಿತೆಂದು ಮಾರ್ಕೆಟ್ಟಿನಲ್ಲಿ ಕೇಳಿ ಒಂದು ಕಟ್ಟು ಎಲೆ, ಒಂದು ಚೀಲ ರಾಗಿ ಹೊತ್ತು ಬಂದ. ಒಳಗೆ ಬರಲಿಲ್ಲ, ಜಗುಲಿಯ ಮೇಲೆ ಕೂತ. ನಮ್ಮ ಮನೆಯ ಪದ್ಧತಿಯಂತೆ ನಾನು ಅವನ ಕೈ ಹಿಡಿದು ನನ್ನ ಹಣೆಗೆ ಮುಟ್ಟಿಸಿಕೊಂಡಾಗ ಕೈ ಹಿಂದಕ್ಕೆ ಎಳೆದುಕೊಂಡ, ಆಮೇಲೆ ಅದೇ ಕೈಯನ್ನು ನನ್ನ ತಲೆಯ ಮೇಲಿಟ್ಟ. ತಾತ ಬಂದು ಪಕ್ಕದಲ್ಲಿ ಕೂತ. ಎಂದೂ ಎಲೆ ಹಾಕದ ತಾತ ಅವತ್ತು ಅವನು ಮಡಿಸಿ ಕೊಟ್ಟದ್ದನ್ನು ಬಾಯಿಗಿಟ್ಟುಕೊಂಡ. ಹೊರಡುವಾಗ ನಂಜೇಗೌಡ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ.

“ನಿಮ್ಮಜ್ಜಿ ಇವ್ರ ಕುಟೆ ಮಾತಾಡಾಕಿಲ್ವಂತೆ, ಔದಾ ಮಗ?”

ಹೌದು ಎಂದೆ. ಎಷ್ಟು ವರ್ಷವಾಯಿತು ಎಂದು ಕೇಳಿದ. ನಾನು ಹೇಳಿದೆ.

“ನಾನೂ ಅಂಗೇ ವರ್ಸಗಟ್ಲೆ ಬುಟ್ಟಿದ್ದೆ ಕಣವ್ವ ನಿಮ್ಮವ್ವನ್ನ. ಏನೂ ಸಿಕ್ನಿಲ್ಲ,” ಎಂದು ಹೇಳಿ ಒಳಗೆ ಹೋಗಿ ಮಗಳ ಕೈಯಿಂದ ನೀರು ಇಸಕೊಂಡು ಕುಡಿದ.

ನನಗೆ ಹದಿನಾರು ತುಂಬಿದ ವರ್ಷ, ಮೈಸೂರು ರಾಜ್ಯ ದೊಡ್ಡದಾಗಿ ಮೂರ್ನಾಲ್ಕು ವರ್ಷವಾಗಿದ್ದಾಗ, ಒಂದು ಭಾನುವಾರ ಮಧ್ಯಾಹ್ನ ಬಾಗಿಲ ಮುಂದೆ ಜಟಕಾ ನಿಂತಿತು. ತಿಳಿನೀಲಿ ಫ್ರಾಕ್ ತೊಟ್ಟ ಹೆಂಗಸೊಬ್ಬಳು ಇಳಿದಳು. ಮೂವತ್ತೈದರ ಆಸುಪಾಸು, ಮುಖ ನೋಡಿದರೆ ಅಪ್ಪನ ತಂಗಿ ಎನ್ನಬೇಕು. ಅರಮನೆಯ ಬಾಗಿಲಲ್ಲಿ ಬ್ಯಾಂಡಿನ ಇಸಿದ್ರೊ ಎಂದು ವಿಚಾರಿಸಿದಳಂತೆ, ಅಲ್ಲಿಯ ಕಾವಲಿನವನು ಮನೀಲಾ ಮನೆಗೆ ಬಿಡು ಎಂದು ಜಟಕಾದವನಿಗೆ ಹೇಳಿದನಂತೆ. ಹೆಸರು ಕಾರ್ಮೆನ್. ಮನೀಲಾದ ನರ್ಸು, ಹೆಚ್ಚಿನ ತರಬೇತಿಗೆಂದು ಮದ್ರಾಸಿಗೆ ಬಂದವಳು. ಅಪ್ಪನ ಹತ್ತಿರ ಇಂಗ್ಲಿಷಿನಲ್ಲಿ ಇಷ್ಟು ಹೇಳಿದ ಮೇಲೆ, ನಾನು ವಿಸೆಂಟೆಯ ಹೆಂಡತಿ ಎಂದಳು.

ಅವಳನ್ನು ನಡುಮನೆಯಲ್ಲಿ ಕೂರಿಸಿದೆವು. ತಾತ ಮುಂದಿನ ಕೋಣೆಯಿಂದ ಬಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡ. ಲೋಲಾ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಕಾರ್ಮೆನ್ ಅವರಿಬ್ಬರ ಕೈಯನ್ನೂ ಹಣೆಗೆ ಮುಟ್ಟಿಸಿಕೊಂಡು ತಮ್ಮ ಭಾಷೆಯಲ್ಲಿ ಹೇಳತೊಡಗಿದಳು. ಲೋಲಾ ಅದೇ ಭಾಷೆಯಲ್ಲಿ ಏನೋ ಕೇಳಿದಳು. ಅಷ್ಟು ವರ್ಷ ಆ ಭಾಷೆಯಲ್ಲಿ ಅವಳ ಧ್ವನಿಯನ್ನು ನಾನು ಕೇಳಿರಲಿಲ್ಲ. ಕನ್ನಡದಲ್ಲಿ ಅವಳದು ಮಾರ್ಕೆಟ್ಟಿನ ದೊಡ್ಡ ಗಂಟಲು. ಇದು ಚಿಕ್ಕದು, ಹುಡುಗಿಯದು. ಅಮ್ಮನಿಗೆ ಏನೂ ತಿಳಿಯುತ್ತಿರಲಿಲ್ಲ. ತಾತ ಒಂದೊಂದೇ ಮಾತನ್ನು ಕನ್ನಡ ಮಾಡಿ ಅಮ್ಮನಿಗೆ ಹೇಳಿದ, ನೆಲ ನೋಡುತ್ತ, ಎಲ್ಲೂ ತಡೆಯದೆ. ಯುದ್ಧ ನಡೆಯುತ್ತಿದ್ದಾಗಲೇ ಅವರ ಮದುವೆಯಾಯಿತಂತೆ. ಟಪಾಲಿರಲಿಲ್ಲವಂತೆ. ಹೆಣ್ಣುಮಗು ಹುಟ್ಟಿತಂತೆ. ಕೊನೆಯ ಆ ತಿಂಗಳು ಕಾರ್ಮೆನ್ ಮಗುವಿನ ಜೊತೆ ನದಿಯಾಚೆ ತನ್ನ ತಾಯಿಯ ಮನೆಯಲ್ಲಿದ್ದಳಂತೆ. ವಿಸೆಂಟೆ ಅಜ್ಜಿಯನ್ನು ಬಿಟ್ಟು ಬರಲಾರೆ ಎಂದು ಈಚೆಯಲ್ಲೇ ಉಳಿದನಂತೆ. ಬೀದಿಗೆ ಬೆಂಕಿ ಬಿದ್ದ ದಿನ ಅವನು ನೀರು ತರಲು ಹೋದದ್ದನ್ನು ನೋಡಿದವರಿದ್ದಾರಂತೆ. ತಿರುಗಿ ಬಂದದ್ದನ್ನು ನೋಡಿದವರಿಲ್ಲ. ಆಮೇಲೆ ನಿಮ್ಮನ್ನು ಹುಡುಕಲು ನನ್ನ ಹತ್ತಿರ ವಿಳಾಸವೂ ಉಳಿದಿರಲಿಲ್ಲ, ನೀವು ನೋಡದ ಸೊಸೆ ಬರೆದರೆ ಯಾರು ನಂಬುತ್ತಾರೆ ಎಂದೂ ಅನ್ನಿಸುತ್ತಿತ್ತು ಎಂದಳಂತೆ.

ಲೋಲಾ ಇನ್ನೊಂದು ಪ್ರಶ್ನೆ ಕೇಳಿದಳು. ಅದಕ್ಕೆ ಕಾರ್ಮೆನ್ ಬಹಳ ಹೊತ್ತು ಉತ್ತರ ಹೇಳಿದಳು. ಮಧ್ಯೆ ಒಂದೆರಡು ಸಲ ತಾತನ ಕಡೆಗೂ ತಿರುಗಿದಳು. ಅವಳು ಮುಗಿಸಿದಳು. ಅಮ್ಮ ಕಾದಳು. ಆಗ ತಾತ, ಅವನು ಚೆನ್ನಾಗಿ ನುಡಿಸುತ್ತಿದ್ದನಂತೆ ಎಂದ.

“ಅವ್ರು ಅಷ್ಟುದ್ದ ಹೇಳುದ್ರು, ನೀವು ಇಷ್ಟೇ ಹೇಳ್ತೀರಲ್ಲ ಮಾವ.”

“ಅಷ್ಟೇ ಕಣಮ್ಮ.”

ತಾತ ಕನ್ನಡಕ್ಕೆ ತರದೆ ಬಿಟ್ಟದ್ದನ್ನು ಸಂಜೆ ಹಿತ್ತಲಲ್ಲಿ ಅಪ್ಪ ಅಮ್ಮನಿಗೆ ಹೇಳಿದ, ನಾನೂ ಅಲ್ಲಿದ್ದೆ. ಇಲ್ಲಿಂದ ಬಾ ಎಂಬ ಕರೆ ಬರಲೆಂದು ವಿಸೆಂಟೆ ಕಾಯುತ್ತಿದ್ದನಾ ಎಂದು ಲೋಲಾ ಕೇಳಿದ್ದಳು. ಇಲ್ಲ, ಎಂದಿದ್ದಳು ಕಾರ್ಮೆನ್. ಯುದ್ಧ ಶುರುವಾಗುವ ಮೊದಲೇ ನಾವು ಒಬ್ಬರಿಗೊಬ್ಬರು ಮಾತು ಕೊಟ್ಟಿದ್ದೆವು. ಅಪ್ಪ ಕರೆದರೂ ನಾನು ಮೈಸೂರಿಗೆ ಹೋಗುವುದಿಲ್ಲ ಎನ್ನುತ್ತಿದ್ದ. ಇಲ್ಲಿಗೆ ಬಂದ ಮೇಲೆಯೇ ನನಗೊಂದು ಊರು ಸಿಕ್ಕಿತು ಎನ್ನುತ್ತಿದ್ದ. ನೀವು ಹಡಗು ಕಳಿಸಿದ್ದರೂ ಅವನು ಹತ್ತುತ್ತಿರಲಿಲ್ಲ ಅಮ್ಮಾ.

ಇಷ್ಟನ್ನು ಕೇಳಿದ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಮಾತ್ರ ಏನೋ ಮುಗಿಯಿತೆಂದು, ಇನ್ನು ನನ್ನ ಕೆಲಸವಿಲ್ಲವೆಂದು ತಿಳಿದೆ. ಆ ಸಂಜೆ ಅಡುಗೆಮನೆಯಲ್ಲಿ ಕಿವಿಯಿಟ್ಟು ಕಾದೆ. ಲೋಲಾ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅನ್ನ ಇಳಿಸಿದಳು. ಎಲೆಗಳನ್ನು ಹಾಕಿದಳು. ನನ್ನ ಕಡೆ ನೋಡಿದಳು.

“ನಿಮ್ಮ ತಾತಂಗೆ ಹೇಳು, ಊಟ ಆಗಿದೆ ಅಂತ.”

ಕಾರ್ಮೆನ್ ನಾಲ್ಕಾರು ದಿನ ಇದ್ದಳು. ನನಗೆ ಅವಳು ದೊಡ್ಡಮ್ಮ. ಅಮ್ಮ ಅವಳನ್ನು ಚಾಮುಂಡಿ ಬೆಟ್ಟಕ್ಕೆ ಕರೆದೊಯ್ದು ತಾನು ತಾಯಿಗೆ ಕೈ ಮುಗಿದು, ಅವಳಿಗೆ ಊರು ತೋರಿಸಿದಳು. ಹೊರಡುವ ಹಿಂದಿನ ದಿನ ಅವಳು ಬಂದ ಇನ್ನೊಂದು ಕೆಲಸ ಹೇಳಿದಳು. ಮಗಳಿಗೆ ನನ್ನಷ್ಟೇ ವಯಸ್ಸು, ಅಪ್ಪನ ಕಡೆಯವರನ್ನು ಒಬ್ಬರನ್ನೂ ನೋಡಿಲ್ಲ. ಮನೀಲಾದಲ್ಲಿ ತನಗೆ ಮನೆಯಿದೆ. ಈಗ ಅದು ಅವರದ್ದೇ ದೇಶ, ಮುದುಕರಿಬ್ಬರೂ ಬಂದು ತನ್ನ ಜೊತೆ ಇರಬಹುದು, ಕಾಗದಪತ್ರದ ವ್ಯವಸ್ಥೆ ತಾನು ಮಾಡುತ್ತೇನೆ ಎಂದಳು. ಅಪ್ಪ ತಲೆ ತಗ್ಗಿಸಿದ. ಅಮ್ಮ ಎದ್ದು ಒಲೆಯ ಬಳಿ ಹೋದಳು. ಮದುವೆಯಾಗಿ ಬಂದ ದಿನದಿಂದ ಲೋಲಾ ಒಂದಲ್ಲ ಒಂದು ದಿನ ಊರಿಗೆ ಹೋಗುವ ಮಾತು ಆಡುತ್ತಿದ್ದಳೆಂದು ನಮಗೆಲ್ಲ ಗೊತ್ತಿತ್ತು. ಲೋಲಾ ನನ್ನನ್ನು ಕರೆದು, ನಿಮ್ಮ ತಾತ ಹೋಗುತ್ತಾರಾ ಕೇಳು ಎಂದಳು. ತಾತ ಎದುರಿಗೇ, ನಾಲ್ಕು ಮಾರು ದೂರದಲ್ಲಿ ಕೂತಿದ್ದ. ನಾನು ಹೋಗಿ ಕೇಳಿದೆ.

“ಅವಳು ಹೋದರೆ ನಾನೂ ಹೋಗ್ತೀನಿ ಅಂತ ಹೇಳಮ್ಮ.”

ನಾನು ತಿರುಗಿ ಬಂದು ಹೇಳಿದೆ. ಲೋಲಾ ಕಾರ್ಮೆನ್‌ಳ ಮುಖ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಬೇಡ ಬಿಡು. ಹಡಗಲ್ಲಿ ನಮ್ಮ ಮಾತು ಮುಟ್ಟಿಸೋರು ಯಾರಿದ್ದಾರೆ?”

ಅವಳು ಅದನ್ನು ದುಃಖದಿಂದಾಗಲಿ ತಮಾಷೆಗಾಗಲಿ ಹೇಳಲಿಲ್ಲ. ಹಡಗಿನಲ್ಲಿ ನೀರಿನ ವ್ಯವಸ್ಥೆ ಹೇಗೆ ಎಂದು ಕೇಳಿದಂತಿತ್ತು. ಕಾರ್ಮೆನ್ ಹೊರಟುಹೋದಳು. ಹೋಗುವಾಗ ಲೋಲಾ ಮೊಮ್ಮಗಳಿಗೆಂದು ಮೈಸೂರು ರೇಷ್ಮೆಯ ಒಂದು ಸೀರೆ ಕೊಟ್ಟಳು. ಉಡುವುದು ಹೇಗೆಂದು ಅಮ್ಮ ಕಾರ್ಮೆನ್‌ಗೆ ಕಲಿಸಿದಳು.

ಸತ್ತವರನ್ನು ನೆನೆಯುವ ಹಬ್ಬ ನಮ್ಮಲ್ಲಿ ನವೆಂಬರ್ ಮೊದಲಿಗೆ. ಲೋಲಾ ಅವತ್ತು ತನ್ನ ತಾಯಿಗೆ, ತಮ್ಮಂದಿರಿಗೆ ಅಡುಗೆ ಮಾಡಿ ಎಲೆ ಹಾಕಿ ಬಡಿಸಿಡುತ್ತಿದ್ದಳು. ನಮ್ಮೂರಲ್ಲೂ ಪಿತೃಪಕ್ಷಕ್ಕೆ ಹಿಂಗೇ ಎಡೆ ಇಡೋದು ಅತ್ತೆ ಎಂದು ಅಮ್ಮ ಮೊದಲ ವರ್ಷವೇ ಕೈಜೋಡಿಸಿದ್ದಳು. ಆದರೆ ವಿಸೆಂಟೆಗೆ ಲೋಲಾ ಒಂದು ವರ್ಷವೂ ಎಲೆ ಹಾಕಿರಲಿಲ್ಲ. ಹಾಕಿದರೆ ಸತ್ತ ಎಂದು ಒಪ್ಪಿದಂತೆ. ಆ ವರ್ಷ ಹಾಕಿದಳು. ಬಡಿಸಿ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟು, ಬಂದು ನೋಡಲಿ ಎಂದು ಹೇಳಿಕಳಿಸಿದಳು. ತಾತ ಬಂದು ಆ ಎಲೆಯ ಮುಂದೆ ನಿಂತ. ಅವನ ಪಕ್ಕದಲ್ಲಿ ಲೋಲಾ ನಿಂತಿದ್ದಳು. ಇಬ್ಬರ ನಡುವೆ ನಾನು ಜಾಗ ಮಾಡಿಕೊಂಡು ನಿಂತೆ, ಬೇಕಾಗಬಹುದೆಂದು. ಯಾರೂ ಏನೂ ಹೇಳಿಕಳಿಸಲಿಲ್ಲ.

ಈಗ ನಿನಗೆ ಕೋಪ ಇಲ್ಲವಲ್ಲ, ಮಾತಾಡಬಾರದಾ ಎಂದು ಆಮೇಲೊಂದು ದಿನ ನಾನೇ ಲೋಲಾಳನ್ನು ಕೇಳಿದೆ. ಹಾಗೆ ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ, ನನಗೆ ಹೇಗೆ ಬಂತೋ. ಅವಳು ಜಾಡಿಯ ಹುಳಿನೀರಿನ ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ತೆಗೆಯುತ್ತಿದ್ದಳು.

“ಕೋಪ ಯಾವಾಗಲೋ ಹೋಯ್ತು ಕಣೇ. ಆದರೆ ಏನು ಮಾತಾಡೋದು? ಅದು ಮರೆತುಹೋಗಿದೆ.”

ಆಮೇಲೆ ತಾತ ಇನ್ನೆರಡು ಚಳಿಗಾಲ ಬದುಕಿದ. ಎರಡನೆಯದರಲ್ಲಿ ಕೆಮ್ಮು ಹಿಡಿದು ಎದೆ ಕಟ್ಟಿತು. ಡಾಕ್ಟರು ಬಂದು ನೋಡಿ, ಆಸ್ಪತ್ರೆಗೆ ಒಯ್ಯುವ ಸುಸ್ತು ಬೇಡ, ಇಲ್ಲೇ ಬೆಚ್ಚಗಿರಲಿ ಎಂದು ಅಪ್ಪನಿಗೆ ಹೇಳಿ ಹೋದರು. ಮದುವೆ ಬ್ಯಾಂಡಿನ ಹುಡುಗರು ಸರದಿಯ ಮೇಲೆ ಬಂದು ಕಾಲು ಒತ್ತುತ್ತಿದ್ದರು. ನಂಜೇಗೌಡ ಹಳ್ಳಿಯಿಂದ ಒಂದು ಹೊಸ ಕಂಬಳಿ ತಂದುಕೊಟ್ಟು, ಮಂಚದ ಕಾಲ ಬಳಿ ಒಂದು ಹೊತ್ತು ಕೂತು ಹೋದ. ಲೋಲಾ ಗಂಜಿ ಮಾಡುತ್ತಿದ್ದಳು, ನಾನೋ ಅಮ್ಮನೋ ಕುಡಿಸುತ್ತಿದ್ದೆವು. ಅಡುಗೆಮನೆಯಿಂದ ಅವಳು ಮುಂದಿನ ಕೋಣೆಗೆ ಬರುತ್ತಿರಲಿಲ್ಲ. ನಡುಮನೆಯ ಬಾಗಿಲವರೆಗೆ ಬಂದು ಅವನ ಉಸಿರು ಕೇಳಿಸಿಕೊಂಡು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತ ತಾತನ ಮಂಚದ ಪಕ್ಕ ನಿಂತಿದ್ದೆ. ಕಿಟಕಿಯಿಂದ ಎಳೆ ಬಿಸಿಲು ಬಂದಿತ್ತು. ತಗಡಿನ ಅಂಗಡಿಗಳು ಇನ್ನೂ ತೆಗೆದಿರಲಿಲ್ಲ. ಲೋಲಾ ಬಾಗಿಲಲ್ಲಿ ನಿಂತವಳು ಹೊಸ್ತಿಲು ದಾಟಿ ಒಳಗೆ ಬಂದಳು. ನಾನು ಪಕ್ಕಕ್ಕೆ ಸರಿದೆ. ಅವಳು ಮಂಚದ ತಲೆಯ ಕಡೆ ನಿಂತು, ಬಗ್ಗಿ, ತಮ್ಮ ಭಾಷೆಯಲ್ಲಿ, ನನಗೂ ತಿಳಿಯುವಷ್ಟು ಸಣ್ಣ ಮಾತಿನಲ್ಲಿ, ಚಳಿಯಾಗುತ್ತಿದೆಯಾ ಎಂದು ಅವನನ್ನೇ ಕೇಳಿದಳು.

ತಾತ ಕಣ್ಣು ತೆರೆದು ಅವಳನ್ನು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ದಿಂಬಿನ ಮೇಲೆ ತಲೆ ಹೊರಳಿಸಿ ನನ್ನ ಕಡೆ ತಿರುಗಿದ.

“ಚಳಿ ಇಲ್ಲ ಅಂತ ಹೇಳಮ್ಮ.”

ನನ್ನ ಕೈಯಲ್ಲಿ ಜಡೆ ಅರ್ಧಕ್ಕೆ ನಿಂತಿತ್ತು. ಲೋಲಾ ನನ್ನನ್ನು ನೋಡುತ್ತ ಕಾಯುತ್ತಿದ್ದಳು.

“ಚಳಿ ಇಲ್ವಂತೆ ಲೋಲಾ,” ಎಂದೆ.

ಅವಳು ಹೂಂ ಎಂದಳು. ಕಂಬಳಿಯನ್ನು ಅವನ ಗಂಟಲವರೆಗೆ ಎಳೆದು, ಎರಡೂ ಬದಿ ಮೈ ಕೆಳಗೆ ಸಿಕ್ಕಿಸಿ, ಮಂಚದ ಅಂಚಿನಲ್ಲಿ ಕೂತಳು. ನಾನು ಜಡೆ ಮುಗಿಸಿ ಕಾಲೇಜಿಗೆ ಹೋದೆ.